ಹೋಸ್ಟಿಂಗ್ ನೀವೇ ನೋಡ್ಕೊಳ್ತೀರಲ್ವಾ?

ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಇಳಿದವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳನ್ನು ಸದಾ ಇಂಟರ್ನೆಟ್ಟಿಗೆ ಅಂಟಿಕೊಂಡಿರುವ ಒಂದು ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಬಾಡಿಗೆಗೆ ಇಡುವುದು. ಮಾತುಕತೆ ಮುಗಿದಿರುತ್ತದೆ. ಎಷ್ಟು ಪುಟ, ಯಾವ ಬಣ್ಣ, ಎಷ್ಟು ದಿನ, ಎಷ್ಟು ದುಡ್ಡು, ಎಲ್ಲ ಆಗಿರುತ್ತದೆ. ಕ್ಲೈಂಟ್ ಕುರ್ಚಿಯಿಂದ ಎದ್ದಿರುತ್ತಾರೆ. ಬಾಗಿಲ ತನಕ ಹೋದವರು ತಿರುಗಿ, ಏನೋ ಸಣ್ಣ ವಿಷಯ ಮರೆತಿದ್ದೆ ಅನ್ನುವ ಹಾಗೆ ಕೇಳುತ್ತಾರೆ: "ಅಂದ್ಹಾಗೆ, ಹೋಸ್ಟಿಂಗ್ ಎಲ್ಲಾ ನೀವೇ ನೋಡ್ಕೊಳ್ತೀರಲ್ವಾ?"

ನಾನು "ಹೂಂ" ಅಂದೆ. ಮೊದಲ ಕ್ಲೈಂಟಿಗೂ ಅಂದೆ, ಎರಡನೆಯವರಿಗೂ ಅಂದೆ, ಹದಿನಾಲ್ಕನೆಯವರ ತನಕ ಅನ್ನುತ್ತಲೇ ಹೋದೆ. ಸೈಟ್ ಕಟ್ಟುವುದಕ್ಕೆ ಒಪ್ಪಂದ ಬರೆದುಕೊಂಡಿದ್ದೆ, ಸಹಿ ಹಾಕಿಸಿಕೊಂಡಿದ್ದೆ, ಎಷ್ಟು ಸಲ ತಿದ್ದಿಕೊಡುತ್ತೇನೆ ಅನ್ನುವುದನ್ನೂ ನಮೂದಿಸಿದ್ದೆ. ಅದನ್ನು ವರ್ಷಗಟ್ಟಲೆ ಜೀವಂತ ಇಟ್ಟುಕೊಳ್ಳುವುದಕ್ಕೆ ಮಾತ್ರ ಬಾಗಿಲ ಹತ್ತಿರದ ಒಂದು "ಹೂಂ". ಇವತ್ತಿಗೂ ಯಾರಾದರೂ ಹೊಸಬರು "ಯಾವ ಹೋಸ್ಟಿಂಗ್ ತಗೊಳ್ಳಲಿ?" ಅಂತ ಕೇಳಿದಾಗ ನನಗೆ ಕಂಪನಿಯ ಹೆಸರು ಬಾಯಿಗೆ ಬರಲ್ಲ. ಆ "ಹೂಂ" ನೆನಪಾಗುತ್ತದೆ.

ಹನ್ನೊಂದು ಕಾಲಂ

ಹುಡುಕಾಡದೆ ಆರಿಸಿದೆ ಅಂತಲ್ಲ. ಮೂರು ದಿನ ಕೂತು ಒಂದು ಶೀಟ್ ಮಾಡಿದ್ದೆ. ಒಂಬತ್ತು ಕಂಪನಿ, ಹನ್ನೊಂದು ಕಾಲಂ. ಡಿಸ್ಕ್ ಜಾಗ ಎಷ್ಟು, ಬ್ಯಾಂಡ್‌ವಿಡ್ತ್ (ಎಷ್ಟು ಡೇಟಾ ಹರಿಯಬಹುದು ಅನ್ನುವುದು) ಎಷ್ಟು, ಎಷ್ಟು ಇಮೇಲ್ ಖಾತೆ, ಎಷ್ಟು ಡೇಟಾಬೇಸ್ (ಸೈಟಿನ ಮಾಹಿತಿಯ ಉಗ್ರಾಣ), ಎಸ್‌ಎಸ್‌ಎಲ್, ಅಂದರೆ ಸೈಟಿಗೆ ಹೋಗಿಬರುವ ಮಾಹಿತಿಯನ್ನು ಕಾಯುವ ಸರ್ಟಿಫಿಕೇಟ್, ಉಚಿತವೋ ಅಲ್ಲವೋ. (ಈ ಎಸ್‌ಎಸ್‌ಎಲ್ ವಿಷಯ ನೋಡಿದರೆ ನಗು ಬರುತ್ತದೆ. 2016ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಜಗತ್ತಿಗೆಲ್ಲ ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಅದನ್ನೇ ತಮ್ಮ ಕೈಯಿಂದ ಕೊಟ್ಟ ಉಡುಗೊರೆ ಅನ್ನುವ ಹಾಗೆ ದಪ್ಪಕ್ಷರದಲ್ಲಿ ಬರೆದುಕೊಳ್ಳುವವರು ಇನ್ನೂ ಇದ್ದಾರೆ.) ಚೆನ್ನಾಗಿರುವ ಚೌಕಕ್ಕೆ ಹಸಿರು ಬಣ್ಣ, ಕೆಟ್ಟದಕ್ಕೆ ಕೆಂಪು. ಕೊನೆಗೆ ಯಾವ ಸಾಲಿನಲ್ಲಿ ಹಸಿರು ಜಾಸ್ತಿ ಇತ್ತೋ ಅದಕ್ಕೆ ದುಡ್ಡು ಕಟ್ಟಿದೆ.

ಆ ಶೀಟನ್ನು ಈಚೆಗೆ ಮತ್ತೆ ತೆಗೆದು ನೋಡಿದೆ. ಹನ್ನೊಂದರಲ್ಲಿ ಒಂಬತ್ತು ಕಾಲಂಗಳಿಗೂ ಆಮೇಲೆ ಆದ ಯಾವ ತೊಂದರೆಗೂ ಸಂಬಂಧವೇ ಇಲ್ಲ. ಡಿಸ್ಕ್ ಜಾಗವನ್ನೇ ತಗೊಳ್ಳಿ. ಐದು ಪುಟದ ಒಂದು ಸೈಟ್, ಫೋಟೋ ಎಲ್ಲ ಸೇರಿ, 100 ಎಂಬಿ ಮುಟ್ಟಿದರೆ ಹೆಚ್ಚು. ಅದಕ್ಕೆ 50 ಜಿಬಿ ಕೊಟ್ಟರೂ ಒಂದೇ, 500 ಜಿಬಿ ಕೊಟ್ಟರೂ ಒಂದೇ. ಇನ್ನು "ಅನ್‌ಲಿಮಿಟೆಡ್" ಅನ್ನುವ ಮಾತು. ಜಾಗಕ್ಕೆ ಮಿತಿ ಇಲ್ಲ ಅಂತಾರೆ, ನಿಜ. ಆದರೆ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ. ಅದನ್ನು ಐನೋಡ್ ಮಿತಿ ಅಂತಾರೆ, ಷರತ್ತುಗಳ ಪುಟದ ಕೆಳಗೆಲ್ಲೋ ಇರುತ್ತದೆ. ಒಂದು ಗಂಟೆಗೆ ಎಷ್ಟು ಇಮೇಲ್ ಕಳಿಸಬಹುದು, ಒಂದೇ ಸಲಕ್ಕೆ ಎಷ್ಟು ಪ್ರೊಸೆಸ್ ಓಡಬಹುದು, ಸಿಪಿಯು ಎಷ್ಟು ಬಳಸಬಹುದು, ಇವಕ್ಕೂ ಮಿತಿ ಉಂಟು. ಆ ಗೆರೆ ದಾಟಿದರೆ ಸೈಟ್ ತೆರೆಯಲು ಬಂದವರಿಗೆ 508 ಅನ್ನುವ ಎರರ್ ಕಾಣುತ್ತದೆ. ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಸರ್ವರಿನಲ್ಲಿ ನೂರಾರು ಜನ. ಒಬ್ಬನೇ ಎಲ್ಲ ನೀರು ಹಿಡಿದುಕೊಂಡರೆ ಉಳಿದವರ ನಲ್ಲಿಯಲ್ಲಿ ಗಾಳಿ ಬರುತ್ತದೆ. ಮಿತಿ ಇಡದೆ ಅವರಿಗೂ ಗತಿಯಿಲ್ಲ. ಅದನ್ನು ಮಿತಿ ಅಂತ ಬರೆಯುವುದಿಲ್ಲ, ಅಷ್ಟೇ ನನ್ನ ತಕರಾರು.

ನನ್ನ ಶೀಟಿನಲ್ಲಿ ಇಲ್ಲದ ಕಾಲಂಗಳೇ ಬೇರೆ. ಎರಡನೆಯ ಸಲ ಕಟ್ಟುವಾಗ ಬೆಲೆ ಎಷ್ಟು? ಮೊದಲ ಸಲದ ಬೆಲೆ ಗಾಳಕ್ಕೆ ಸಿಕ್ಕಿಸಿದ ಹುಳು. ರಿನ್ಯೂವಲ್ ಬೆಲೆ ಅದರ ಎರಡು ಪಟ್ಟು, ಮೂರು ಪಟ್ಟು ಇರುವುದು ಈ ಧಂದೆಯಲ್ಲಿ ಮಾಮೂಲು. ಬ್ಯಾಕಪ್ ಎಲ್ಲಿ ಇಡುತ್ತಾರೆ? ಏನಾದರೂ ಆದರೆ ಬೀಗ ಹಾಕುವುದು ಒಂದು ಸೈಟಿಗೋ, ಇಡೀ ಖಾತೆಗೋ? ಬಿಟ್ಟು ಹೋಗಬೇಕು ಅಂದರೆ ಹೇಗೆ? ಮನೆ ನೋಡಲು ಹೋದಾಗ ಕಿಟಕಿ ಎಷ್ಟಿವೆ ಅಂತ ಎಣಿಸಿ ಬಂದಿದ್ದೆ. ಬಾಗಿಲ ಚಿಲಕ ಯಾವ ಕಡೆಯಿಂದ ಬೀಳುತ್ತದೆ ಅಂತ ನೋಡಿರಲಿಲ್ಲ.

ಒಳಬಾಡಿಗೆ

ನಾನು ತಗೊಂಡಿದ್ದು ರೀಸೆಲ್ಲರ್ ಖಾತೆ. ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ಒಳಬಾಡಿಗೆ. ದೊಡ್ಡ ಮನೆಯೊಂದನ್ನು ನಾವು ಬಾಡಿಗೆಗೆ ಹಿಡಿಯುವುದು, ಅದನ್ನು ರೂಮು ರೂಮು ಮಾಡಿ ಬೇರೆಯವರಿಗೆ ಕೊಡುವುದು. ಪ್ರತಿ ಕ್ಲೈಂಟಿಗೂ ಬೇರೆ ಸಿಪ್ಯಾನೆಲ್ (ಸೈಟ್, ಇಮೇಲ್ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್), ಬೇರೆ ಪಾಸ್‌ವರ್ಡ್. ಮೇಲೆ ಇರುವ ಕಂಪನಿಯ ಹೆಸರು ಅವರಿಗೆ ಎಲ್ಲೂ ಕಾಣಲ್ಲ. ನನ್ನ ಹೆಸರು, ನನ್ನ ಲೋಗೋ ಮಾತ್ರ. ಅದನ್ನು ಮೊದಲ ಸಲ ನೋಡಿದ ದಿನ ಆದ ಖುಷಿ ಸುಳ್ಳಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡವನು ನಾನು. ಲಾಗಿನ್ ಪುಟ ನೋಡಿದರೆ ಹೋಸ್ಟಿಂಗ್ ಕಂಪನಿ!

ಲೆಕ್ಕವೂ ಚೆನ್ನಾಗಿಯೇ ಕಾಣುತ್ತಿತ್ತು. ಸೈಟ್ ಕಟ್ಟುವ ಕೆಲಸದಲ್ಲಿ ದುಡ್ಡು ಒಂದು ತಿಂಗಳು ಬರುತ್ತದೆ, ಮೂರು ತಿಂಗಳು ಬರಲ್ಲ. ಹೋಸ್ಟಿಂಗ್ ಹಾಗಲ್ಲ, ವರ್ಷ ವರ್ಷ ಬರುತ್ತದೆ. ನಾಲ್ಕು ಕ್ಲೈಂಟ್ ಆದರೆ ನಾನು ಕಟ್ಟುವ ಬಾಡಿಗೆ ಹುಟ್ಟುತ್ತದೆ, ಐದನೆಯವರಿಂದ ಮುಂದಕ್ಕೆ ಲಾಭ. ಈ ಲೆಕ್ಕದಲ್ಲಿ ನನ್ನ ರಾತ್ರಿಗಳನ್ನು ಸೇರಿಸಿರಲಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದ್ದೆ. ಮೊದಲ ವರ್ಷದ ಹೋಸ್ಟಿಂಗನ್ನು ಸೈಟಿನ ಒಟ್ಟು ಬೆಲೆಯೊಳಗೇ ಸೇರಿಸಿ ಹೇಳಿದ್ದೆ. ಎರಡನೆಯ ವರ್ಷ ಬಿಲ್ ಕಳಿಸಿದಾಗ ಒಬ್ಬೊಬ್ಬರೇ ಫೋನ್ ಮಾಡತೊಡಗಿದರು. "ಸೈಟ್ ಮಾಡಿ ಆಯ್ತಲ್ಲ ಸಾರ್, ಇನ್ನೂ ಏನು ದುಡ್ಡು?" ಅವರದು ತಪ್ಪಲ್ಲ. ಅಂಗಡಿಗೆ ಬೋರ್ಡ್ ಬರೆಸಿದರೆ ಬರೆದವನು ವರ್ಷ ವರ್ಷ ಬಂದು ದುಡ್ಡು ಕೇಳುತ್ತಾನಾ? ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅನ್ನುತ್ತಾರಲ್ಲ, ಸೈಟ್ ಅಂದರೆ ಹಾಗೆ. ಅದನ್ನು ಮಳೆ ಬರುವ ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಇಬ್ಬರಿಗೆ ಆ ವರ್ಷದ ದುಡ್ಡು ಕೇಳುವುದನ್ನೇ ಬಿಟ್ಟೆ.

2019ರಲ್ಲಿ ಸಿಪ್ಯಾನೆಲ್ ತನ್ನ ಲೈಸೆನ್ಸಿನ ಲೆಕ್ಕವನ್ನು ಸರ್ವರಿಗಿಷ್ಟು ಅನ್ನುವುದರಿಂದ ಖಾತೆಗಿಷ್ಟು ಅನ್ನುವುದಕ್ಕೆ ಬದಲಾಯಿಸಿತು. ನಾನು ಯಾರ ಹತ್ತಿರ ಬಾಡಿಗೆಗಿದ್ದೆನೋ ಅವರ ಖರ್ಚು ಏರಿತು, ಅವರು ನನಗೆ ಏರಿಸಿದರು, ನಾನು ಯಾರಿಗೆ ಏರಿಸಲಿ? ಅಷ್ಟೊತ್ತಿಗಾಗಲೇ ಮುಂದಿನ ಮೂರು ವರ್ಷದ ಬೆಲೆ ಹೇಳಿ ಕೂತಿದ್ದೆ. ಒಳಬಾಡಿಗೆಯವನ ಪಾಡೇ ಅಷ್ಟು. ಮೇಲಿನಿಂದ ಬಂದದ್ದು ಕೆಳಗೆ ಹೋಗಲ್ಲ, ನಡುವೆಯೇ ನಿಲ್ಲುತ್ತದೆ.

ಹನ್ನೊಂದೂ ನಲವತ್ತರ ಫೋನ್

ರಾತ್ರಿ ಹನ್ನೊಂದೂ ನಲವತ್ತು. ಫೋನ್ ಮಾಡಿದವರು ಪೀಠೋಪಕರಣ ಮಾಡುವ ಒಬ್ಬ ಯಜಮಾನರು. ಅರವತ್ತು ದಾಟಿದ ವಯಸ್ಸು, ರಾತ್ರಿ ಊಟ ಆದ ಮೇಲೆ ತಮ್ಮ ಸೈಟನ್ನು ಒಂದು ಸಲ ತೆರೆದು ನೋಡಿ ಮಲಗುವ ಅಭ್ಯಾಸ. "ಏನಪ್ಪಾ, ನಮ್ಮ ಸೈಟಲ್ಲಿ ಏನೋ ಇಂಗ್ಲಿಷಲ್ಲಿ ಬಂದಿದೆ. ಖಾತೆ ತಡೆಹಿಡಿದಿದ್ದಾರೆ ಅನ್ನೋ ಹಾಗಿದೆ. ನಾನೇನಾದ್ರೂ ದುಡ್ಡು ಬಾಕಿ ಇಟ್ಟಿದ್ದೀನಾ?"

ಅವರು ಬಾಕಿ ಇಟ್ಟಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ನೋಡಿದೆ, ಅದೇ ಬಿಳಿ ಪುಟ. ಇನ್ನೊಬ್ಬರ ಸೈಟ್ ತೆರೆದೆ, ಅಲ್ಲೂ ಅದೇ. ಮೂರನೆಯದು, ನಾಲ್ಕನೆಯದು. ಹದಿನಾಲ್ಕಕ್ಕೆ ಹದಿನಾಲ್ಕೂ. ಕೊನೆಗೆ ನನ್ನ ಸ್ವಂತದ ಸೈಟ್ ತೆರೆದೆ. ಅಲ್ಲಿ "ನಿಮ್ಮ ವ್ಯವಹಾರಕ್ಕೆ ನಂಬಿಕೆಯ ಹೋಸ್ಟಿಂಗ್" ಅಂತ ನಾನೇ ಬರೆದ ಸಾಲೊಂದು ಇರಬೇಕಿತ್ತು. ಆ ಹೊತ್ತಿಗೆ ಅದು ಕಾಣದೇ ಇದ್ದದ್ದೇ ಒಳ್ಳೆಯದಾಯಿತು.

ಆದದ್ದಿಷ್ಟು. ಹದಿನಾಲ್ಕರಲ್ಲಿ ಒಂದು ಸೈಟಿನ ವರ್ಡ್‌ಪ್ರೆಸ್ಸಿನಲ್ಲಿ (ಸೈಟ್ ನಡೆಸುವ ಸಾಫ್ಟ್‌ವೇರ್) ಹಳೆಯ ಒಂದು ಪ್ಲಗಿನ್ (ಅದಕ್ಕೆ ಸೇರಿಸಿಕೊಳ್ಳುವ ಬಿಡಿಭಾಗ) ಇತ್ತು. ಎರಡು ವರ್ಷದಿಂದ ಅಪ್‌ಡೇಟ್ ಮಾಡಿರಲಿಲ್ಲ. ಮಾಡಿದರೆ ಪುಟದ ವಿನ್ಯಾಸ ಒಡೆಯುತ್ತದೆ ಅಂತ ನಾನೇ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಆ ಸಂದಿಯಿಂದ ಯಾರೋ ಒಳಗೆ ನುಗ್ಗಿ, ಫೋಟೋ ಇಡುವ ಫೋಲ್ಡರಿನಲ್ಲಿ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರಿನಲ್ಲಿ ಓಡುವ ಪ್ರೋಗ್ರಾಂ, ಇಟ್ಟಿದ್ದರು. ಫೋಟೋಗಳ ನಡುವೆ ಅದೂ ಒಂದು ಫೋಟೋ ಹೆಸರಿನಲ್ಲೇ ಕೂತಿತ್ತು. ಅದು ಇಡೀ ಸಂಜೆ ಸಾವಿರಗಟ್ಟಲೆ ಕಸದ ಇಮೇಲ್ ಕಳಿಸಿದೆ. ಹೋಸ್ಟಿಂಗ್ ಕಂಪನಿಯವರ ಯಂತ್ರ ಅದನ್ನು ಹಿಡಿದು ಬೀಗ ಹಾಕಿದೆ. ಬೀಗ ಹಾಕಿದ್ದು ಆ ರೂಮಿಗಲ್ಲ, ನಾನು ಬಾಡಿಗೆಗೆ ಹಿಡಿದಿದ್ದ ಇಡೀ ಮನೆಗೆ. ಅವರ ಮಟ್ಟಿಗೆ ಅಲ್ಲಿ ಹದಿನಾಲ್ಕು ಜನ ಇರಲಿಲ್ಲ, ನಾನೊಬ್ಬನೇ ಇದ್ದೆ.

ಸಪೋರ್ಟ್ ಚಾಟಿಗೆ ಹೋದೆ. ಆ ಕಡೆಯವರು ಸಭ್ಯರೇ. ತೊಂದರೆಗೆ ವಿಷಾದ ಅಂದರು, ನಿಮ್ಮ ಟಿಕೆಟನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ ಅಂದರು, ಅವರು ಇಮೇಲಿನಲ್ಲಿ ಉತ್ತರಿಸುತ್ತಾರೆ ಅಂದರು. ಕಾಯುತ್ತಾ ಕೂತೆ. ಒಂದೂವರೆ ಗಂಟೆ ಆಯಿತು, ಉತ್ತರ ಇಲ್ಲ. ಮತ್ತೆ ಚಾಟಿಗೆ ಹೋಗಿ ಸ್ವಲ್ಪ ದನಿ ಏರಿಸಿದೆ. ಆ ಕಡೆಯಿಂದ ಬಂದ ಉತ್ತರ: "ಸಾರ್, ಒಂದು ಗಂಟೆ ಮುಂಚೆಯೇ ಉತ್ತರ ಕಳಿಸಿದ್ದೇವೆ. ನಿಮ್ಮ ಇಮೇಲ್ ನೋಡಿ." ನನ್ನ ಇಮೇಲ್ ಇದ್ದದ್ದು ನನ್ನ ಡೊಮೈನಿನಲ್ಲಿ, ಅಂದರೆ ನನ್ನ ಸೈಟಿನ ಹೆಸರಿನಲ್ಲೇ. ಆ ಡೊಮೈನಿನ ಇಮೇಲ್ ಇದ್ದದ್ದು ಬೀಗ ಹಾಕಿದ ಅದೇ ಖಾತೆಯಲ್ಲಿ. ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡವನು ನಾನು. ಒಂದು ಕ್ಷಣ ಸುಮ್ನೆ ಪರದೆ ನೋಡುತ್ತಾ ಕೂತುಬಿಟ್ಟೆ.

ಬೇರೆ ಕಡೆ ಒಂದು ಖಾತೆ ತೆರೆದು ಸೈಟುಗಳನ್ನು ಅಲ್ಲಿಗೆ ಸಾಗಿಸೋಣ ಅಂದುಕೊಂಡೆ. ಬ್ಯಾಕಪ್ ಬೇಕಲ್ಲ? ಬ್ಯಾಕಪ್ ವಾರಕ್ಕೊಮ್ಮೆ ತಪ್ಪದೆ ಆಗುತ್ತಿತ್ತು, ಅದಕ್ಕೊಂದು ಹಸಿರು ಗುರುತೂ ಬೀಳುತ್ತಿತ್ತು. ಅದು ಬೀಳುತ್ತಿದ್ದದ್ದು ಅದೇ ಖಾತೆಯೊಳಗಿನ ಒಂದು ಫೋಲ್ಡರಿಗೆ. ಡಿಎನ್‌ಎಸ್ (ಸೈಟಿನ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ) ಆದರೂ ತಿರುಗಿಸಿ, ಎಲ್ಲರಿಗೂ "ಸೈಟ್ ಬೇಗ ಬರುತ್ತದೆ" ಅನ್ನುವ ಒಂದು ಪುಟ ತೋರಿಸೋಣ ಅಂದರೆ, ಡಿಎನ್‌ಎಸ್ ಕೂಡ ಅಲ್ಲೇ. ತಿರುಗಿಸಲು ಆಗಿದ್ದರೂ ಟಿಟಿಎಲ್ 14400 ಸೆಕೆಂಡ್ ಇತ್ತು. ಅಂದರೆ ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ಕಡೆಯೆಲ್ಲ ಇನ್ನೂ ನಾಲ್ಕು ಗಂಟೆ ಅದೇ ಬಿಳಿ ಪುಟ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಗಾದೆಯನ್ನು ಬೆಳಗಿನ ಜಾವ ನಾಲ್ಕು ಗಂಟೆಗೆ ಯಾರಾದರೂ ಹೇಳಿದ್ದರೆ ಹೊಡೆದೇಬಿಡುತ್ತಿದ್ದೆ.

ಹತ್ತೊಂಬತ್ತು ಗಂಟೆ ಆದ ಮೇಲೆ ಬೀಗ ತೆಗೆದರು. ಮಾರನೆಯ ದಿನವೆಲ್ಲ ಫೋನಿನಲ್ಲಿ ಒಂದೇ ಮಾತನ್ನು ಹದಿನಾಲ್ಕು ಬಗೆಯಲ್ಲಿ ಹೇಳಿದ್ದೆ. ಸೈಟಿಗಿಂತ ಇಮೇಲ್ ನಿಂತದ್ದಕ್ಕೇ ಜನ ಜಾಸ್ತಿ ಸಿಟ್ಟಾಗಿದ್ದರು. ಸೈಟ್ ಒಂದು ದಿನ ಇಲ್ಲದಿದ್ದರೆ ಗೊತ್ತಾಗುವುದು ಅದನ್ನು ನೋಡಲು ಬಂದವರಿಗೆ ಮಾತ್ರ, ಇಮೇಲ್ ಇಲ್ಲದಿದ್ದರೆ ವ್ಯವಹಾರವೇ ನಿಲ್ಲುತ್ತದೆ. ಆಮೇಲೂ ಹಲವು ದಿನ ನಮ್ಮ ಕಡೆಯಿಂದ ಹೋದ ಇಮೇಲುಗಳು ಸ್ಪ್ಯಾಮ್ ಫೋಲ್ಡರಿಗೇ ಹೋಗುತ್ತಿದ್ದವು. ಆ ಸರ್ವರಿನ ಐಪಿ ವಿಳಾಸಕ್ಕೆ (ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ನಂಬರು) ಹೆಸರು ಕೆಟ್ಟಿತ್ತು. ಹೆಸರು ಕೆಡಲು ಒಂದು ಸಂಜೆ ಸಾಕು, ಸರಿಯಾಗಲು ವಾರಗಳು ಬೇಕು.

ಒಂದು ವಿಷಯ ಮಾತ್ರ ಇವತ್ತಿಗೂ ಕಚಗುಳಿ ಇಡುತ್ತದೆ. ಆ ಕಂಪನಿಯವರು 99.9 ಶೇಕಡಾ ಅಪ್‌ಟೈಮ್ ಗ್ಯಾರಂಟಿ ಕೊಟ್ಟಿದ್ದರು. ಕೇಳಲು ದೊಡ್ಡದಾಗಿದ್ದರೂ ಅದರ ಅರ್ಥ 30 ದಿನದ ತಿಂಗಳಲ್ಲಿ 43 ನಿಮಿಷ ಸೈಟ್ ಇಲ್ಲದಿದ್ದರೂ ಮಾತು ತಪ್ಪಿದ ಹಾಗಲ್ಲ ಅಂತ. ವರ್ಷಕ್ಕೆ ಹತ್ತಿರ ಹತ್ತಿರ ಒಂಬತ್ತು ಗಂಟೆ. ನನಗೆ ಒಂದೇ ಸಲಕ್ಕೆ ಹತ್ತೊಂಬತ್ತು ಗಂಟೆ ಹೋಯಿತಲ್ಲ, ಪರಿಹಾರ ಕೇಳೋಣ ಅಂತ ಷರತ್ತು ಓದಿದೆ. ಸರ್ವರ್ ಕೆಟ್ಟರೆ ಮಾತ್ರ ಅದು ಲೆಕ್ಕಕ್ಕೆ. ಆ ರಾತ್ರಿ ಸರ್ವರ್ ಒಂದು ನಿಮಿಷವೂ ನಿಂತಿರಲಿಲ್ಲ. ಅವರ ಪುಸ್ತಕದಲ್ಲಿ ಆ ತಿಂಗಳ ಅಪ್‌ಟೈಮ್ ನೂರಕ್ಕೆ ನೂರು.

ಬಾವಿ ತೋಡುವ ಹೊತ್ತು

ದೊಡ್ಡವರೂ ಎಡವಿದ್ದಾರೆ ಅನ್ನುವುದು ಆಮೇಲೆ ಸಮಾಧಾನಕ್ಕೆ ಓದಿಕೊಂಡ ವಿಷಯ. 2017ರ ಜನವರಿ 31ರಂದು ಪ್ರೋಗ್ರಾಮರುಗಳು ಕೋಡ್ ಇಡುವ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರೊಬ್ಬರು, ರಾತ್ರಿ ಹೊತ್ತು ದಣಿದು ಕೆಲಸ ಮಾಡುತ್ತಿದ್ದಾಗ, ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿಬಿಟ್ಟರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ನೋಡಿದರೆ, ಬೇರೆ ಬೇರೆ ಐದು ಬಗೆಯಲ್ಲಿ ಮಾಡಿಟ್ಟ ವ್ಯವಸ್ಥೆಯಲ್ಲಿ ಒಂದೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ಆರು ಗಂಟೆ ಮುಂಚೆ ಯಾರೋ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿಯಿಂದ ಹೇಗೋ ಬದುಕಿಕೊಂಡರು. ಮೆಚ್ಚಬೇಕಾದ್ದು ಏನೆಂದರೆ, ಅವರು ಇದನ್ನೆಲ್ಲ ಮುಚ್ಚಿಡದೆ ಬರೆದುಕೊಂಡರು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಡೇಟಾಸೆಂಟರಿನ ಒಂದು ಕಟ್ಟಡ ಬೆಂಕಿಗೆ ಪೂರ್ತಿ ಸುಟ್ಟಿತು. ಕ್ಲೌಡ್ ಅಂತ ಕರೆದರೂ ಅದು ಮೋಡವಲ್ಲ, ಎಲ್ಲೋ ಒಂದು ಕಡೆ ಇರುವ ಕಟ್ಟಡ, ಅದಕ್ಕೂ ಬೆಂಕಿ ಬೀಳುತ್ತದೆ. ಬ್ಯಾಕಪ್ಪನ್ನು ಅದೇ ಜಾಗದಲ್ಲಿ ಇಟ್ಟವರ ಸೈಟೂ ಹೋಯಿತು, ಬ್ಯಾಕಪ್ಪೂ ಹೋಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನೋಡಿ ನಗುತ್ತೇವೆ. ಬಾವಿಯನ್ನು ಮನೆಯೊಳಗೇ ತೋಡಿಕೊಂಡವರೂ ಇರುತ್ತಾರೆ, ನಾನೂ ಅವರಲ್ಲಿ ಒಬ್ಬ.

ಈಗ ನಾನು ತಿಂಗಳಿಗೊಮ್ಮೆ, ಒಂದು ಶನಿವಾರ, ಯಾವುದಾದರೂ ಒಂದು ಸೈಟನ್ನು ಕಣ್ಣು ಮುಚ್ಚಿ ಆರಿಸಿ, ಅದರ ಬ್ಯಾಕಪ್ಪಿನಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಸೈಟನ್ನು ಮತ್ತೆ ಎಬ್ಬಿಸಿ ನೋಡುತ್ತೇನೆ. ಮೊದಲ ಶನಿವಾರವೇ ಡೇಟಾಬೇಸಿನ ಫೈಲ್ ತೆರೆದರೆ ಸೊನ್ನೆ ಕೆಬಿ. ಪಾಸ್‌ವರ್ಡ್ ಬದಲಾಗಿ ಎಂಟು ತಿಂಗಳಾಗಿತ್ತು. ಸ್ಕ್ರಿಪ್ಟಿಗೆ ಯಾರೂ ಹೇಳಿರಲಿಲ್ಲ, ಅದು ಪ್ರತಿ ಸಲ ತಪ್ಪದೆ ಖಾಲಿ ಫೈಲ್ ಬರೆದಿಡುತ್ತಿತ್ತು.

ಸ್ವಂತ ಸರ್ವರ್ ಅನ್ನುವ ಹುಮ್ಮಸ್ಸು

ಆ ರಾತ್ರಿಯ ಸಿಟ್ಟಿನಲ್ಲಿ ನಾನು ಇನ್ನೊಂದು ತುದಿಗೆ ಹಾರಿದೆ. ಯಾರ ಹಂಗೂ ಬೇಡ ಅಂತ ಒಂದು ವಿಪಿಎಸ್, ಅಂದರೆ ನಾವೇ ಪೂರ್ತಿ ನಡೆಸಿಕೊಳ್ಳಬೇಕಾದ ಬಾಡಿಗೆ ಸರ್ವರ್, ತಗೊಂಡೆ. ಕಪ್ಪು ಪರದೆ, ರೂಟ್ ಪಾಸ್‌ವರ್ಡ್, ಎಂಜಿನ್‌ಎಕ್ಸ್, ಫೈರ್‌ವಾಲ್. ಕಲಿತದ್ದು ಬೇಕಾದಷ್ಟು, ಅದಕ್ಕೆ ಬೇಜಾರಿಲ್ಲ. ಆದರೆ ಒಬ್ಬನೇ ನಡೆಸುವ ಕೆಲಸಕ್ಕೆ, ಅದೂ ಶುರುವಿನಲ್ಲಿ, ನಾನು ಇದನ್ನು ಯಾರಿಗೂ ಹೇಳಲ್ಲ. ಮೊದಲ ತಿಂಗಳೇ ಇಮೇಲ್ ಹೋಗುತ್ತಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಸ್ಪ್ಯಾಮ್ ತಡೆಯಲು, ಇಮೇಲ್ ಹೊರಹೋಗುವ ದಾರಿಯಾದ ಪೋರ್ಟ್ 25 ಅನ್ನು ಹಲವು ವಿಪಿಎಸ್ ಕಂಪನಿಗಳು ಮೊದಲೇ ಮುಚ್ಚಿರುತ್ತವೆ ಅನ್ನುವುದು ಗೊತ್ತಿರಲಿಲ್ಲ. ಇನ್ನೊಂದು ದಿನ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ತುಂಬಿದ್ದು ಯಾರ ಫೋಟೋವೂ ಅಲ್ಲ, ಸರ್ವರ್ ತನ್ನಷ್ಟಕ್ಕೆ ಬರೆದಿಡುವ, ಯಾರೂ ಓದದ ಲಾಗ್ ಫೈಲುಗಳು. ಸರ್ವರಿನ ಯಜಮಾನ ಅನ್ನಿಸಿಕೊಳ್ಳುವ ಆಸೆಗೆ ಸರ್ವರಿನ ಕಸ ಗುಡಿಸುವವನಾದೆ. ಆ ಹೊತ್ತಿನಲ್ಲಿ ಎರಡು ಸೈಟ್ ಕಟ್ಟಬಹುದಿತ್ತು.

ಇದಕ್ಕಿಂತ ತಮಾಷೆ ಏನೆಂದರೆ, ಹದಿನಾಲ್ಕರಲ್ಲಿ ಆರು ಸೈಟುಗಳಿಗೆ ಸರ್ವರಿನಲ್ಲಿ ಪಿಎಚ್‌ಪಿ, ಡೇಟಾಬೇಸ್ ಯಾವುದೂ ಬೇಕಿರಲಿಲ್ಲ. ಐದು ಪುಟ, ನಾಲ್ಕು ಫೋಟೋ, ಒಂದು ಫೋನ್ ನಂಬರ್. ಒಂದು ಸಲ ಮಾಡಿದ ಮೇಲೆ ಯಾರೂ ಮುಟ್ಟಿರಲಿಲ್ಲ. "ನಾವೇ ಅಪ್‌ಡೇಟ್ ಮಾಡ್ಕೊಳ್ತೀವಿ" ಅಂತ ವರ್ಡ್‌ಪ್ರೆಸ್ ಕೇಳಿದವರು ಲಾಗಿನ್ ಕೂಡ ಆಗಿರಲಿಲ್ಲ. ಅಂಥ ಸೈಟುಗಳನ್ನು ಬರೀ ಎಚ್‌ಟಿಎಂಎಲ್ (ಸಿದ್ಧ ಪುಟಗಳ ಫೈಲ್) ಮಾಡಿ ಗಿಟ್‌ಹಬ್ ಪೇಜಸ್, ನೆಟ್‌ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಅಂಥ ಕಡೆ ಇಟ್ಟರೆ ಮುಗಿಯಿತು. ನುಗ್ಗಲು ಪ್ಲಗಿನ್ ಇಲ್ಲ, ಹಾಳಾಗಲು ಡೇಟಾಬೇಸ್ ಇಲ್ಲ. (ಷರತ್ತು ಒಂದು ಸಲ ಓದಿಕೊಳ್ಳಿ. ಗಿಟ್‌ಹಬ್ ಪೇಜಸ್ಸಿನಲ್ಲಿ ಆನ್‌ಲೈನ್ ಮಾರಾಟದ ಸೈಟ್ ನಡೆಸಲು ಬಿಡಲ್ಲ.) ಹೋಸ್ಟಿಂಗ್ ಯಾವುದು ಅನ್ನುವ ಪ್ರಶ್ನೆಗೆ ಮುಂಚೆ ಈ ಸೈಟಿಗೆ ಏನು ಬೇಕು ಅಂತ ಕೇಳಿಕೊಂಡಿದ್ದರೆ ಅರ್ಧ ತಲೆನೋವು ಹುಟ್ಟುತ್ತಲೇ ಇರಲಿಲ್ಲ. ಐದು ಪುಟದ ಸೈಟಿಗೆ ಆನೆ ಕಟ್ಟಿ ಮೇವು ಹಾಕುತ್ತಿದ್ದೆ.

ಉಳಿದ ಎಂಟು ಸೈಟುಗಳಲ್ಲಿ ಎರಡಕ್ಕೆ ಅಂಗಡಿ ಇತ್ತು, ದಿನಾ ಆರ್ಡರ್ ಬರುತ್ತಿತ್ತು. ಅವನ್ನು ವರ್ಡ್‌ಪ್ರೆಸ್ಸಿಗಾಗಿಯೇ ನಡೆಸುವ ಮ್ಯಾನೇಜ್ಡ್ ಹೋಸ್ಟಿಂಗಿಗೆ ಸಾಗಿಸಿದೆ. ಬೆಲೆ ಜಾಸ್ತಿ. ಆದರೆ ಆ ಜಾಸ್ತಿಗೆ ಬೇರೆ ಯಾರೋ ರಾತ್ರಿ ಎದ್ದಿರುತ್ತಾರೆ. ಮಿಕ್ಕಿದವಕ್ಕೆ ಶೇರ್ಡ್ ಹೋಸ್ಟಿಂಗೇ ಸಾಕು. ಶೇರ್ಡ್ ಅಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗಲ್ಲ. ದಿನಕ್ಕೆ ನಲವತ್ತು ಜನ ನೋಡುವ ಸೈಟಿಗೆ ಅದು ಧಾರಾಳ.

ದೊಡ್ಡ ಅಕ್ಷರವಾ, ಚಿಕ್ಕದಾ

ಎಲ್ಲಿ ಇಡುವುದು ಅನ್ನುವುದು ಹೀಗೆ ಮೆಲ್ಲಗೆ ಬಗೆಹರಿಯಿತು. ಯಾರ ಹೆಸರಿನಲ್ಲಿ ಇಡುವುದು ಅನ್ನುವುದು ಬಗೆಹರಿದದ್ದು ಆ ಪೀಠೋಪಕರಣದ ಯಜಮಾನರಿಂದ. ಒಂದು ದಿನ ಅವರು ತಾವಾಗಿಯೇ ಬಂದರು. ಕೂತು ನೀರು ಕುಡಿದು, ನಿಧಾನಕ್ಕೆ ಕೇಳಿದರು: "ತಪ್ಪು ತಿಳ್ಕೋಬೇಡಪ್ಪ. ನಾಳೆ ನಿನಗೇನಾದ್ರೂ ಆದ್ರೆ ನಮ್ಮ ಸೈಟ್ ಯಾರ ಹತ್ರ ಕೇಳ್ಬೇಕು?"

ತಪ್ಪು ತಿಳಿದುಕೊಳ್ಳಲು ಏನೂ ಇರಲಿಲ್ಲ. ಅವರ ಡೊಮೈನ್ ನನ್ನ ಖಾತೆಯಲ್ಲಿತ್ತು, ನನ್ನ ಇಮೇಲಿನಲ್ಲಿತ್ತು, ಮಾಲೀಕರ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಇತ್ತು. ಕೊಂಡ ದಿನ ಬೇಗ ಮುಗಿಯಲಿ ಅಂತ ಎಲ್ಲ ಕಡೆ ನನ್ನದೇ ವಿವರ ತುಂಬಿದ್ದೆ. ದುಡ್ಡು ಅವರದು, ಮೂವತ್ತು ವರ್ಷ ದುಡಿದು ಕಟ್ಟಿದ ಹೆಸರು ಅವರದು, ಕಾಗದದ ಮೇಲೆ ಮಾತ್ರ ಅದು ನನ್ನ ಆಸ್ತಿ. ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರಲ್ಲ, ಗೊತ್ತಿಲ್ಲದೆ ನಾನೇ ಪೂಜಾರಿಯಾಗಿದ್ದೆ. ನಾನು ಕೆಟ್ಟವನಾಗಿದ್ದರೆ ಅವರು ಏನೂ ಮಾಡುವ ಹಾಗಿರಲಿಲ್ಲ. ನಾನು ರಿನ್ಯೂವಲ್ ಮರೆತಿದ್ದರೂ ಅಷ್ಟೇ. ಅವಧಿ ಮುಗಿದ ಡಾಟ್ ಕಾಮ್ ಹೆಸರು ಸ್ವಲ್ಪ ದಿನ ಕಾಯುತ್ತದೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಅದೂ ದಾಟಿದರೆ ಐದು ದಿನಕ್ಕೆ ಬೀದಿಗೆ ಬೀಳುತ್ತದೆ. ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಅವತ್ತೇ ಕೂತು ಬದಲಾಯಿಸಿದೆವು. ಅವರ ಇಮೇಲಿನಲ್ಲಿ ಅವರದೇ ಖಾತೆ, ಅವರದೇ ಕಾರ್ಡ್. ಹೆಸರು ಬದಲಾಯಿಸಿದ ಮೇಲೆ 60 ದಿನ ಬೇರೆ ಕಂಪನಿಗೆ ಸಾಗಿಸಲು ಬಿಡದ ಕಡೆಗಳಿವೆ. ಅದಕ್ಕೇ ಕಂಪನಿ ಬದಲಿಸದೆ, ಅದೇ ಕಂಪನಿಯಲ್ಲಿ ಖಾತೆಯಿಂದ ಖಾತೆಗೆ ದಾಟಿಸಿದೆ. ಪಾಸ್‌ವರ್ಡ್ ಇಡುವ ಆ್ಯಪ್ ಒಂದನ್ನು ತೋರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ. ಚೀಲದಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದರು. ಒಂದು ಪುಟದಲ್ಲಿ ಮರದ ಅಳತೆಗಳು, ಪಾಲಿಶಿನ ಬಾಕಿ. ಅದರ ಎದುರಿನ ಪುಟದಲ್ಲಿ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, ನಾನು ಹೇಳಿದ ಹದಿನಾರು ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡರು. "ಇದು ದೊಡ್ಡ ಅಕ್ಷರವಾ, ಚಿಕ್ಕದಾ?" ದೊಡ್ಡದಾದರೆ ಅದರ ಕೆಳಗೆ ಒಂದು ಗೆರೆ. ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ತಿಳಿಯಲಿ ಅಂತ ಸೊನ್ನೆಯ ನಡುವೆ ಒಂದು ಚುಕ್ಕೆ. ಬರೆದು ಮುಗಿಸಿ, ಕನ್ನಡಕ ಮೇಲೆತ್ತಿ, ಪುಸ್ತಕ ನೋಡಿಕೊಂಡು ತಾವೇ ಒಂದು ಸಲ ಲಾಗಿನ್ ಆದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಬಾಗಿಲು ತೆರೆಯಿತು. ಅವರ ಹೆಸರು ಪರದೆಯ ಮೇಲೆ ಮೂಲೆಯಲ್ಲಿ ಬಂತು. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆಯಬಾರದು ಅಂತ ಬುದ್ಧಿ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಆ ಪುಸ್ತಕ ಮೂವತ್ತು ವರ್ಷದಿಂದ ಕಳೆದಿಲ್ಲ. ನನ್ನ ಬ್ಯಾಕಪ್ಪಿಗೆ ಆ ಮಾತು ಹೇಳುವಂತಿರಲಿಲ್ಲ.

ಈಗ

ಈಗಲೂ ಕ್ಲೈಂಟುಗಳು ಬಾಗಿಲ ಹತ್ತಿರ ತಿರುಗಿ ಅದೇ ಪ್ರಶ್ನೆ ಕೇಳುತ್ತಾರೆ. ನಾನು ಅವರನ್ನು ವಾಪಸ್ ಕೂರಿಸುತ್ತೇನೆ. ಡೊಮೈನ್ ಮತ್ತು ಹೋಸ್ಟಿಂಗ್ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲಿ ಇರುತ್ತದೆ, ನನಗೆ ಒಳಗೆ ಬಂದು ಕೆಲಸ ಮಾಡುವ ಅನುಮತಿ ಕೊಟ್ಟರೆ ಸಾಕು ಅನ್ನುತ್ತೇನೆ. ಇಮೇಲನ್ನು ಸೈಟ್ ಇರುವ ಕಡೆ ಇಡಲ್ಲ, ಅದಕ್ಕೆ ಬೇರೆ ಕಡೆ ಬೇರೆ ಖಾತೆ. ಅಪ್‌ಡೇಟ್, ಬ್ಯಾಕಪ್, ನೋಡಿಕೊಳ್ಳುವ ಕೆಲಸಕ್ಕೆ ತಿಂಗಳಿಗಿಷ್ಟು ಅಂತ ಬೇರೆ ಬಿಲ್. ಹೋಸ್ಟಿಂಗಿನಲ್ಲಿ ಲಾಭ ಇಟ್ಟುಕೊಳ್ಳುವುದನ್ನು ಬಿಟ್ಟೆ. ಸಮಯ ಮಾರುತ್ತಿದ್ದೇನೆ ಅಂತ ಹೇಳಿಯೇ ಮಾರುತ್ತೇನೆ. ರಾತ್ರಿ ಹತ್ತರ ಮೇಲೆ ಫೋನ್ ಎತ್ತುವುದಿಲ್ಲ ಅಂತಲೂ ಬರೆದಿರುತ್ತದೆ. ಇದನ್ನು ಕೇಳಿ "ಬೇರೆಯವರು ಎಲ್ಲಾ ಸೇರಿಸಿ ಕಡಿಮೆಗೆ ಮಾಡಿಕೊಡ್ತಾರೆ" ಅಂತ ಎದ್ದು ಹೋದವರೂ ಇದ್ದಾರೆ. ಅವರಿಗೆ "ಹೂಂ" ಅಂದವರು ಯಾರೋ ಸಿಕ್ಕಿರುತ್ತಾರೆ.

ರೀಸೆಲ್ಲರ್ ಖಾತೆ ಇನ್ನೂ ಮುಚ್ಚಿಲ್ಲ. ಹನ್ನೆರಡು ಜನ ಹೊರಗೆ ಹೋದರು. ಇಬ್ಬರು ಉಳಿದಿದ್ದಾರೆ. ಒಬ್ಬರು "ನೀವೇ ಇಟ್ಕೊಳ್ಳಿ ಸಾರ್, ನನಗೆ ಅದೆಲ್ಲ ತಿಳಿಯಲ್ಲ" ಅಂದವರು, ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನೊಬ್ಬರು ಫೋನೇ ಎತ್ತುತ್ತಿಲ್ಲ. ಅವರ ಅಂಗಡಿ ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಸೈಟಿನಲ್ಲಿ ಮಾತ್ರ "ಹೊಸ ಮಾಲು ಬಂದಿದೆ" ಅನ್ನುವ ಪಟ್ಟಿ ಇನ್ನೂ ಎಡದಿಂದ ಬಲಕ್ಕೆ ಓಡುತ್ತಿದೆ. ಮುಂದಿನ ತಿಂಗಳು ರಿನ್ಯೂವಲ್. ಎರಡು ರೂಮಿಗಾಗಿ ಇಡೀ ಮನೆಯ ಬಾಡಿಗೆ ಮತ್ತೆ ಕಟ್ಟಬೇಕು. ಕಟ್ಟುತ್ತೇನೆ ಅಂತ ಕಾಣುತ್ತದೆ. ಇಬ್ಬರಿಗೂ ಬಾಗಿಲ ಹತ್ತಿರ ನಿಂತು ಮಾತು ಕೊಟ್ಟಿದ್ದೆನಲ್ಲ.